ಬಿಟಿಎಸ್ ಹಾಡಿದ ಮ್ಯೂಸಿಯಂ: ಹೋಗೋದು ಹೇಗೆ?

2020ರ ಜೂನ್‌ನಲ್ಲಿ ಪದವೀಧರರ ಆನ್‌ಲೈನ್ ಕಾರ್ಯಕ್ರಮಕ್ಕೆ ದಕ್ಷಿಣ ಕೊರಿಯಾದ ಪಾಪ್ ತಂಡ ಬಿಟಿಎಸ್ ಹಾಡಿದ ಮ್ಯೂಸಿಯಂ ಯಾವುದು, ಟಿಕೆಟ್ ಬೇಕಾ ಅಂತ ಕೇಳಿದ್ದೀರಿ. ಅದು ಸಿಯೋಲ್‌ನ ಯೊಂಗ್ಸಾನ್‌ನಲ್ಲಿರುವ ಕೊರಿಯಾ ರಾಷ್ಟ್ರೀಯ ಮ್ಯೂಸಿಯಂ. ಮೆಟ್ರೋ 4ನೇ ಲೈನ್, ಇಚೊನ್ ಸ್ಟೇಷನ್. 2ನೇ ಎಕ್ಸಿಟ್ ಕಡೆಯ ಸುರಂಗದಾರಿ ಹಿಡಿದರೆ ಮಳೆಯಲ್ಲೂ ನೆನೆಯಲ್ಲ. ದಾರಿಗೆ ಕೊರಿಯಾದ ಮ್ಯಾಪ್ ಆ್ಯಪ್ ಆದ ನೇವರ್ ಮ್ಯಾಪ್ ಹಾಕಿಕೊಳ್ಳಿ.

ಖಾಯಂ ಗ್ಯಾಲರಿಗಳಿಗೆ ಟಿಕೆಟ್ ಇಲ್ಲ. ವಿಶೇಷ ಪ್ರದರ್ಶನಗಳಿಗೆ ಮಾತ್ರ ದುಡ್ಡು. ಜನವರಿ 1, ಸೊಲ್ಲಾಲ್ (ಚಾಂದ್ರಮಾನ ಹೊಸ ವರ್ಷ), ಚುಸೊಕ್ (ಸುಗ್ಗಿ ಹಬ್ಬ) ದಿನ ಬಾಗಿಲು ಹಾಕಿರುತ್ತೆ. ಫ್ಲ್ಯಾಶ್, ಟ್ರೈಪಾಡ್ ನಡೆಯಲ್ಲ.

ಫೋಟೋಗೆ ಹೊರಗಿನ ದೊಡ್ಡ ಮೆಟ್ಟಿಲು ಸಾಕು, ಕಟ್ಟಡದ ನಡುವೆ ನಮ್ಸಾನ್ ಗುಡ್ಡದ ಮೇಲಿನ ಟವರ್ ಚೌಕಟ್ಟು ಹಾಕಿದಂತೆ ಕಾಣುತ್ತೆ. ಆದರೆ ಅಷ್ಟಕ್ಕೇ ವಾಪಸ್ ಬರಬೇಡಿ. ಎರಡನೇ ಮಹಡಿಯ ಮಬ್ಬುಗತ್ತಲ ಕೋಣೆಯಲ್ಲಿ ಕೆನ್ನೆಗೆ ಬೆರಳು ತಾಗಿಸಿ ಯೋಚಿಸುತ್ತ ಕೂತ ಇಬ್ಬರು ಬೋಧಿಸತ್ವರ ವಿಗ್ರಹಗಳಿವೆ. ಗಾಜಿನ ಪೆಟ್ಟಿಗೆಯಿಲ್ಲ, ಬೆನ್ನ ಕಡೆಯಿಂದಲೂ ಸುತ್ತಿ ನೋಡಬಹುದು. ಆ ವಿಗ್ರಹಗಳ ಪುಟ್ಟ ಪ್ರತಿಕೃತಿಗಳು ಮ್ಯೂಸಿಯಂ ಅಂಗಡಿಯಲ್ಲಿ ಸಿಗುತ್ತವೆ. ವಾರಾಂತ್ಯದಲ್ಲಿ ಬೇಗ ಖಾಲಿ, ಹಾಗಾಗಿ ಮೊದಲು ಅಂಗಡಿ, ಆಮೇಲೆ ಗ್ಯಾಲರಿ.