ಶಿಕ್ಷಣ ಪ್ರಶ್ನೋತ್ತರ: ಮಕ್ಕಳ ಶಿಕ್ಷಕಿ ಮೊದಲು ಊರನ್ನು ಕಲಿಯಲಿ

ಪ್ರಶ್ನೆ: ನಾನು ಶಿಡ್ಲಘಟ್ಟ ತಾಲ್ಲೂಕಿನವಳು. ಪೂರ್ವ ಪ್ರಾಥಮಿಕ ಶಿಕ್ಷಕಿಯರ ತರಬೇತಿ ಪಡೆಯುತ್ತಿದ್ದೇನೆ. ಸಮುದಾಯದ ಸಹಭಾಗಿತ್ವ, ಅನ್ವೇಷಣೆಯ ಮೂಲಕ ಕಲಿಕೆ ಎಂಬ ಮಾತುಗಳನ್ನು ತರಗತಿಯಲ್ಲಿ ದಿನವೂ ಕೇಳುತ್ತೇವೆ. ಆದರೆ ನಮ್ಮ ಕೆಲಸವೆಲ್ಲ ಚಾರ್ಟ್ ಬರೆಯುವುದರಲ್ಲಿ, ಥರ್ಮೋಕೋಲಿನ ಮಾದರಿ ಮಾಡುವುದರಲ್ಲಿ ಮುಗಿಯುತ್ತದೆ. ಮೂರರಿಂದ ಆರು ವರ್ಷದ ಮಕ್ಕಳೊಡನೆ ಇದನ್ನು ನಿಜವಾಗಿ ಮಾಡುವುದು ಹೇಗೆ?
— ಪ್ರಶಿಕ್ಷಣಾರ್ಥಿ

ಉತ್ತರ: ತಾನೇ ಒಂದು ಪ್ರಶ್ನೆಯ ಬೆನ್ನು ಹತ್ತಿ ಅಲೆಯದ ಶಿಕ್ಷಕಿಗೆ ಮಗುವಿನ ಪ್ರಶ್ನೆಯನ್ನು ಕಾದು ಬೆಳೆಸುವ ತಾಳ್ಮೆ ಬರುವುದಿಲ್ಲ. ಆದ್ದರಿಂದ ಅನ್ವೇಷಣೆ ನಿಮ್ಮಿಂದಲೇ ಆರಂಭವಾಗಲಿ, ಅದಕ್ಕೆ ನಿಮ್ಮ ಊರೇ ಸಾಕು. ನಿಮ್ಮಲ್ಲಿ ರೇಷ್ಮೆ ಹುಳು ಸಾಕುವ ಮನೆಗಳಿಗೆ ಕೊರತೆಯಿಲ್ಲ. ಅಂಥ ಒಂದು ಮನೆಯ ಹಿರಿಯರ ಬಳಿ, ಕಲಿಸುವವರಾಗಿ ಅಲ್ಲದೆ ಕೇಳುವವರಾಗಿ ಕುಳಿತುಕೊಳ್ಳಿ. ದಿನಕ್ಕೆ ಎಷ್ಟು ಸಲ ಹಿಪ್ಪುನೇರಳೆ ಸೊಪ್ಪು ಹಾಕುತ್ತಾರೆ, ಹುಳು ಜ್ವರಕ್ಕೆ ಕೂತಾಗ (ಪೊರೆ ಬಿಡುವ ಮುನ್ನ ಮೇವು ಬಿಟ್ಟು ಅಲ್ಲಾಡದೆ ಇರುವಾಗ) ಸೊಪ್ಪು ನಿಲ್ಲಿಸುವುದೇಕೆ, ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ ಹುಳುವನ್ನು ಗುರುತಿಸಿ ಚಂದ್ರಿಕೆಗೆ (ಗೂಡು ಕಟ್ಟಿಸುವ ಬಿದಿರಿನ ತಟ್ಟಿಗೆ) ಬಿಡುವುದು ಹೇಗೆ, ಈ ಗಡಿಬಿಡಿಯ ನಡುವೆ ಮನೆಯ ಚಿಕ್ಕ ಮಗು ಎಲ್ಲಿರುತ್ತದೆ, ಏನು ಮಾಡುತ್ತದೆ ಎಂಬುದನ್ನೆಲ್ಲ ಕೇಳಿ ಬರೆದುಕೊಳ್ಳಿ. (ರೋಗ ತಗಲುವ ಭಯದಿಂದ ಸಾಕಣೆ ಮನೆಯೊಳಗೆ ಹೊರಗಿನವರನ್ನು ಬಿಟ್ಟುಕೊಳ್ಳಲು ಹಿಂಜರಿಯುತ್ತಾರೆ. ಜಗಲಿಯಲ್ಲಿ ಮಾತಾಡಿದರೆ ಸಾಕು, ಒತ್ತಾಯ ಬೇಡ.)

ಆಮೇಲೆ ಅದೇ ಹಿರಿಯರನ್ನು ಕೇಂದ್ರಕ್ಕೆ ಆಹ್ವಾನಿಸಿ, ಒಂದು ತಟ್ಟೆಯಲ್ಲಿ ಹತ್ತಾರು ಹುಳುಗಳನ್ನು ತರಿಸಿ ಕೆಲವು ದಿನ ಇಟ್ಟುಕೊಳ್ಳಿ. ಹುಳು ತಲೆಯೆತ್ತಿ ಅಲ್ಲಾಡದೆ ನಿಂತಾಗ, ಅದಕ್ಕೆ ಹುಷಾರಿಲ್ಲವೇ, ನಿದ್ದೆ ಬಂದಿದೆಯೇ, ಸತ್ತಿದೆಯೇ ಎಂದು ಮಕ್ಕಳು ಕೇಳಬಹುದು. ಆ ಕ್ಷಣದಲ್ಲಿ ಉತ್ತರ ಹೇಳಿಬಿಡಬೇಡಿ. ಯಾರಿಗೆ ಏನನ್ನಿಸುತ್ತದೆ ಎಂದು ಕೇಳಿ, ಆ ಮಾತುಗಳನ್ನು ಮಕ್ಕಳ ಆಡುಮಾತಿನಲ್ಲೇ ಬರೆದಿಡಿ. ನಿಮ್ಮ ಭಾಗದಲ್ಲಿ ಅದು ತೆಲುಗೋ ಉರ್ದುವೋ ಆಗಿದ್ದರೂ ತಿದ್ದಬೇಡಿ. ಸುಮಾರು ಒಂದು ದಿನದಲ್ಲಿ ಹುಳು ಪೊರೆ ಕಳಚಿ ಮತ್ತೆ ಸೊಪ್ಪಿಗೆ ಬಾಯಿ ಹಾಕುತ್ತದೆ. ಆಗ ನಿನ್ನೆಯ ಊಹೆಗಳನ್ನು ಓದಿ ಹೇಳಿ. ನೋಡುವುದು, ಊಹಿಸುವುದು, ಕಾಯುವುದು, ಊಹೆಯನ್ನು ಬದಲಿಸಿಕೊಳ್ಳುವುದು ಇಷ್ಟೇ ಈ ವಯಸ್ಸಿನ ಅನ್ವೇಷಣೆ. ಎಣಿಕೆಯೂ ಚಿತ್ರವೂ ಹಾಡೂ ಇದರ ಜೊತೆಗೇ ಬರುತ್ತವೆ.

ಇದು ಹೊರಗಿನಿಂದ ಬಂದ ಹೊಸ ವಿಚಾರವೆಂದು ಭಾವಿಸಬೇಕಿಲ್ಲ. ಗುಜರಾತಿನ ಭಾವನಗರದಲ್ಲಿ ಬಾಲಶಿಕ್ಷಣ ತಜ್ಞ ಗಿಜುಭಾಯಿ ಬಧೇಕಾ ಅವರೊಡನೆ ದುಡಿದ ತಾರಾಬಾಯಿ ಮೋಡಕ್, 1945ರಲ್ಲಿ ಮಹಾರಾಷ್ಟ್ರದ ಬೋರ್ಡಿ ಎಂಬ ಹಳ್ಳಿಯಲ್ಲಿ ಅನುತಾಯಿ ವಾಘ್ ಅವರನ್ನು ಜೊತೆಗಿಟ್ಟುಕೊಂಡು ಗ್ರಾಮೀಣ ಬಾಲಶಿಕ್ಷಣದ ಕೇಂದ್ರ ತೆರೆದರು. ಮಕ್ಕಳು ಶಾಲೆಗೆ ಬಾರದ ಕಡೆ ಕೇರಿಯ ಅಂಗಳಕ್ಕೇ ಶಾಲೆಯನ್ನು ಒಯ್ದರು. 1957ರಲ್ಲಿ ಕೋಸ್ಬಾಡ್ ಬೆಟ್ಟಕ್ಕೆ ಹೋದ ಮೇಲೆ ವಾರ್ಲಿ ಆದಿವಾಸಿಗಳ ನಡುವೆ ಕೆಲಸ ಬೆಳೆಯಿತು. ದನ ಮೇಯಿಸುವ ಮಕ್ಕಳಿಗಾಗಿ ಹುಲ್ಲುಗಾವಲಿನಲ್ಲೇ ಪಾಠ ನಡೆಯಿತು. ದುಬಾರಿ ಮಾಂಟೆಸ್ಸರಿ ಸಾಮಗ್ರಿಗಳ ಬದಲು ಬೆಣಚುಕಲ್ಲು, ಬೀಜ, ಎಲೆ, ಚಿಪ್ಪುಗಳು ಬಂದವು. ಆ ಜನರ ಬದುಕನ್ನು ಹತ್ತಿರದಿಂದ ನೋಡದಿದ್ದರೆ ಇವುಗಳಲ್ಲಿ ಒಂದೂ ಹೊಳೆಯುತ್ತಿರಲಿಲ್ಲ.

ಇಟಲಿಯ ರೆಜ್ಜಿಯೊ ಎಮಿಲಿಯಾ ನಗರದ ಬಾಲಶಿಕ್ಷಣ ಕ್ರಮದ ಹೆಸರನ್ನೂ ನೀವು ಕೇಳಿರಬಹುದು. ಎರಡನೇ ಮಹಾಯುದ್ಧ ಮುಗಿದಾಗ ಅಲ್ಲಿನ ಹಳ್ಳಿಯೊಂದರ ಜನರು, ಸೈನ್ಯ ಬಿಟ್ಟುಹೋಗಿದ್ದ ಟ್ಯಾಂಕ್, ಟ್ರಕ್, ಕುದುರೆಗಳನ್ನು ಮಾರಿದ ಹಣದಿಂದ ಮಕ್ಕಳ ಶಾಲೆ ಕಟ್ಟತೊಡಗಿದರು. ಸುದ್ದಿ ಕೇಳಿ ಸೈಕಲ್ಲಿನಲ್ಲಿ ನೋಡಲು ಹೋದ ಲೋರಿಸ್ ಮಲಗುಟ್ಸಿ ಮುಂದೆ ಆ ಶಿಕ್ಷಣಕ್ರಮದ ಮಾರ್ಗದರ್ಶಕರಾದರು. ಮಕ್ಕಳ ಮಾತನ್ನೂ ಕೆಲಸವನ್ನೂ ದಾಖಲಿಸಿ, ಶಿಕ್ಷಕಿಯರು ಒಟ್ಟಿಗೆ ಕುಳಿತು ಚರ್ಚಿಸುವ ಪದ್ಧತಿ ಅವರದು. ನಮ್ಮ ತರಬೇತಿಗಳಿಗೆ ಅಲ್ಲಿಂದ ತುರ್ತಾಗಿ ಬೇಕಾದುದು ಈ ಚರ್ಚೆ. ಅಂದದ ಕಟ್ಟಡ, ಬಣ್ಣದ ಕೋಣೆಗಳನ್ನು ನಕಲು ಮಾಡುವವರೇ ಹೆಚ್ಚು.

ಪ್ರಶ್ನೆ: ಮಕ್ಕಳು ಹುಳು, ಮಣ್ಣು ಎಂದು ಕೂತರೆ ತಂದೆತಾಯಂದಿರು ಒಪ್ಪುವುದಿಲ್ಲ. ಅವರಿಗೆ ಎಬಿಸಿಡಿ ಬರೆದ ಪುಸ್ತಕ ಬೇಕು. ಏನು ಹೇಳಲಿ?
— ಅಂಗನವಾಡಿ ಕಾರ್ಯಕರ್ತೆ, ಹಾವೇರಿ ಜಿಲ್ಲೆ

ಉತ್ತರ: ಅವರ ಆತಂಕ ಹುರುಳಿಲ್ಲದ್ದಲ್ಲ, ಇಂಗ್ಲಿಷ್ ಬಾರದೆ ಪಟ್ಟ ಪಾಡು ಅವರಿಗೆ ಗೊತ್ತು. ಆದ್ದರಿಂದ ಉಪದೇಶ ಬೇಡ. ತಾಯಂದಿರ ಸಭೆಯಲ್ಲಿ ಮಗುವಿನ ಮಾತುಗಳನ್ನು ಬರೆದಿಟ್ಟ ಹಾಳೆಯನ್ನು ಓದಿ ತೋರಿಸಿ. ಜೂನ್‌ನಲ್ಲಿ ಒಂದೇ ಪದದಲ್ಲಿ ಉತ್ತರಿಸುತ್ತಿದ್ದ ಮಗು ನವೆಂಬರ್‌ನಲ್ಲಿ ಕಾರಣ ಕೊಟ್ಟು ಮಾತಾಡುವುದನ್ನು ತಾಯಿ ತಾನೇ ಗುರುತಿಸುತ್ತಾಳೆ. ಊರಿನವರೇ ಇರುವ ಅಂಗನವಾಡಿಯ ಬಾಲವಿಕಾಸ ಸಮಿತಿಯ ಸದಸ್ಯರಿಗೂ ಸಹಿ ಹಾಕುವುದಕ್ಕಿಂತ ಹೆಚ್ಚಿನ ಕೆಲಸ ಕೊಡಿ. ಕುಂಬಾರರು, ದರ್ಜಿಗಳು, ಹಾಡು ಬಲ್ಲ ಅಜ್ಜಿಯರನ್ನು ಕರೆತರುವುದು ಅವರಿಂದಲೇ ಆಗಲಿ.

ಪ್ರಶ್ನೆ: ಈಗಾಗಲೇ ಕೆಲಸದಲ್ಲಿರುವ ಅಂಗನವಾಡಿ ಕಾರ್ಯಕರ್ತೆಯರ ತರಬೇತಿಯಲ್ಲಿ ಇದಕ್ಕೆಲ್ಲ ಅವಕಾಶವಿದೆಯೇ?
— ನಿವೃತ್ತ ಮೇಲ್ವಿಚಾರಕಿ, ಮೈಸೂರು

ಉತ್ತರ: ನಿಮ್ಮ ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ 1975ರಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಂದಿನಿಂದ ಗೃಹಭೇಟಿ ಕಾರ್ಯಕರ್ತೆಯ ಕೆಲಸದ ಭಾಗವೇ ಆಗಿದೆ. ಆದರೆ ಅದು ಹೆಚ್ಚಾಗಿ ತೂಕ, ಆಹಾರ, ಲಸಿಕೆಗಳ ವಿಚಾರಣೆಯಾಗಿಯೇ ಉಳಿದಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪಿಯುಸಿ ಮುಗಿಸಿದವರಿಗೆ ಆರು ತಿಂಗಳ ಪ್ರಮಾಣಪತ್ರ, ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ವರ್ಷದ ಡಿಪ್ಲೊಮಾ ಕೊಡಬೇಕೆಂದಿದೆ. ಪಾಠವನ್ನು ದೂರಶಿಕ್ಷಣದ ಮೂಲಕ ನಡೆಸಬಹುದಾದರೂ, ತಿಂಗಳಿಗೆ ಒಮ್ಮೆಯಾದರೂ ಮುಖಾಮುಖಿ ತರಗತಿ ಇರಬೇಕೆಂದೂ ಹೇಳಿದೆ. ಆ ಒಂದು ದಿನವನ್ನು ಮತ್ತೊಂದು ಉಪನ್ಯಾಸಕ್ಕೆ ಬಳಸದೆ, ಪ್ರತಿಯೊಬ್ಬರೂ ತಮ್ಮ ಕೇಂದ್ರದ ಒಂದು ಮಗುವಿನ ಪ್ರಶ್ನೆಯನ್ನೂ ಅದರ ಮನೆಯಲ್ಲಿ ಕಂಡ ಒಂದು ಸಂಗತಿಯನ್ನೂ ಬರೆದು ತಂದು ಉಳಿದವರ ಮುಂದಿಟ್ಟರೆ ಸಾಕು. ಜೊತೆಗೆ ಇಲಾಖೆ ಒಂದೆರಡು ರಿಜಿಸ್ಟರುಗಳನ್ನಾದರೂ ಕಡಿಮೆ ಮಾಡಬೇಕು. ದಿನವಿಡೀ ದಾಖಲೆ ತುಂಬುವವರಿಂದ ಮಗುವಿನ ಮಾತು ಬರೆದಿಡುವ ಕೆಲಸವನ್ನೂ ನಿರೀಕ್ಷಿಸುವುದು ನ್ಯಾಯವಲ್ಲ.