ಕುಸುಬಿ ಎಣ್ಣೆ ಬಿಡಬೇಕೆ?

ಪ್ರಶ್ನೆ: ನಮ್ಮ ಮನೆಯಲ್ಲಿ ಮೊದಲಿನಿಂದಲೂ ಗಾಣದ ಕುಸುಬಿ ಎಣ್ಣೆಯದೇ ಅಡುಗೆ. ಬೀಜದ ಎಣ್ಣೆಗಳೆಲ್ಲ ಹೃದಯಕ್ಕೆ ವಿಷವೆಂದು ಮೊಬೈಲಿನಲ್ಲಿ ನೋಡಿದ ಮಗ, ಇನ್ನು ತುಪ್ಪವನ್ನೇ ಬಳಸೋಣ ಎನ್ನುತ್ತಾನೆ. ಏನು ಮಾಡಲಿ?
– ಓದುಗರೊಬ್ಬರು, ಚಿತ್ತಾಪುರ, ಕಲಬುರಗಿ ಜಿಲ್ಲೆ

ಉತ್ತರ: ತಾಯಿ, ಕುಸುಬಿಯನ್ನು ಬಿಡಬೇಕಾಗಿಲ್ಲ. ಮಗನ ಆತಂಕಕ್ಕೂ ಒಂದು ಹಿನ್ನೆಲೆ ಇದೆ. 1966ರಿಂದ 1973ರವರೆಗೆ ಸಿಡ್ನಿಯಲ್ಲಿ 458 ಹೃದ್ರೋಗಿ ಪುರುಷರ ಮೇಲೆ ನಡೆದ ಪ್ರಯೋಗದಲ್ಲಿ, ಕುಸುಬಿ ಎಣ್ಣೆ ಹಾಗೂ ಅದರ ಮಾರ್ಗರಿನ್ (ಎಣ್ಣೆಯಿಂದ ಮಾಡಿದ, ಬೆಣ್ಣೆಯಂಥ ಪದಾರ್ಥ) ಸೇವಿಸಿದವರಲ್ಲಿ ಸಾವು ಹೆಚ್ಚಾಗಿದ್ದುದು 2013ರ ಮರುವಿಶ್ಲೇಷಣೆಯಲ್ಲಿ ಖಚಿತವಾಯಿತು. ಆದರೆ ಆ ಒಂದು ಚಿಕ್ಕ ಪ್ರಯೋಗದಿಂದ ಎಲ್ಲ ಬೀಜದೆಣ್ಣೆಗಳನ್ನೂ ದೂರುವುದು ನನಗೆ ಒಪ್ಪಿಗೆಯಿಲ್ಲ. ಅನೇಕ ದೇಶಗಳ ದೀರ್ಘಕಾಲದ ಅಧ್ಯಯನಗಳಲ್ಲಿ, ಈ ಎಣ್ಣೆಗಳ ಮುಖ್ಯ ಅಂಶವಾದ ಲಿನೋಲಿಕ್ ಆಮ್ಲವು ರಕ್ತದಲ್ಲಿ ಹೆಚ್ಚಿದ್ದವರಿಗೆ ಹೃದ್ರೋಗದ ಅಪಾಯ ಕಡಿಮೆಯೇ ಕಂಡಿದೆ. ತುಪ್ಪದಲ್ಲಾದರೋ ಅರ್ಧಕ್ಕಿಂತ ಹೆಚ್ಚು ಪಾಲು ಸ್ಯಾಚುರೇಟೆಡ್ ಕೊಬ್ಬು, ಅಂದರೆ ಕೆಟ್ಟ ಕೊಲೆಸ್ಟ್ರಾಲ್ ಹೆಚ್ಚಿಸುವ ಬಗೆಯ ಕೊಬ್ಬು. ಇಂಥ ಕೊಬ್ಬಿನಿಂದ ಬರುವ ಶಕ್ತಿ ದಿನದ ಒಟ್ಟು ಆಹಾರದ ಶಕ್ತಿಯ ಶೇ. 10ನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಿಸಿ ರೊಟ್ಟಿಗೆ ಒಂದು ಚಮಚ ತುಪ್ಪ ಸಾಕು. ಕುಸುಬಿಯಲ್ಲಿ ದೇಹಕ್ಕೆ ಬೇಕಾದ ಒಮೆಗಾ-3 ಎಂಬ ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆಯಿರುವುದರಿಂದ, ಅದು ಹೇರಳವಾಗಿರುವ ಅಗಸಿಯ ಹಿಂಡಿ (ಚಟ್ನಿಪುಡಿ) ಊಟದಲ್ಲಿ ಇರಲಿ. ನನಗೆ ನಿಜವಾಗಿ ಚಿಂತೆ ತರುವುದು ಭಜಿ ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸುವ ರೂಢಿ. ಕುಸುಬಿ ಎಣ್ಣೆ ಹಾಗೆ ಕಾದಷ್ಟೂ ಬೇಗ ಕೆಡುತ್ತದೆ.