ಪ್ರೆಸ್ಸಿನಲ್ಲಿ ಡಿಟಿಪಿ ಮಾಡಿದವರು ಪೋರ್ಟ್‌ಫೋಲಿಯೋದಲ್ಲಿ ಏನು ತೋರಿಸಬೇಕು?

ನೀವು ದಾವಣಗೆರೆಯ ಪ್ರೆಸ್ಸೊಂದರಲ್ಲಿ ಆರು ವರ್ಷ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರ, ಪುಟ ಜೋಡಿಸುವ ಕೆಲಸ, ಮಾಡಿದ್ದೀರಿ. ಈಗ ಬೆಂಗಳೂರಿನಲ್ಲಿ ಗ್ರಾಫಿಕ್ ಡಿಸೈನರ್ ಕೆಲಸ ಹುಡುಕುತ್ತಿದ್ದೀರಿ, ಹೋದಲ್ಲೆಲ್ಲ ಪೋರ್ಟ್‌ಫೋಲಿಯೋ, ಅಂದರೆ ಮಾಡಿದ ಕೆಲಸದ ಮಾದರಿಗಳು, ಕೇಳುತ್ತಿದ್ದಾರೆ. "ಲಗ್ನಪತ್ರಿಕೆ, ಬಿಲ್ ಬುಕ್, ಫ್ಲೆಕ್ಸ್ ಬಿಟ್ಟರೆ ತೋರಿಸೋಕೆ ನನ್ನ ಹತ್ತಿರ ಏನೂ ಇಲ್ಲ, ಅವುಗಳ ಫೈಲೂ ಪ್ರೆಸ್ಸಿನ ಕಂಪ್ಯೂಟರಿನಲ್ಲೇ ಇವೆ" ಎಂದು ಬರೆದಿದ್ದೀರಿ.

ಆ "ಏನೂ ಇಲ್ಲ" ಎಂಬ ಮಾತು ಓದಿ ಸುಮ್ಮನಿರಲು ಆಗಲಿಲ್ಲ. ನಾನೂ ಶಿವಮೊಗ್ಗದ ಒಂದು ಆಫ್‌ಸೆಟ್ ಪ್ರೆಸ್ಸಿನಲ್ಲಿ ಐದು ವರ್ಷ ಕೂತು 2014ರಲ್ಲಿ ಬೆಂಗಳೂರಿಗೆ ಬಂದವನು. ಈಗ ನಮ್ಮ ಸ್ಟುಡಿಯೋಗೆ ಹೊಸಬರನ್ನು ತೆಗೆದುಕೊಳ್ಳುವಾಗ ಅವರ ಕೆಲಸ ನೋಡುವವರಲ್ಲಿ ನಾನೂ ಒಬ್ಬ. ಹಾಗಾಗಿ ಮೇಜಿನ ಎರಡೂ ಕಡೆಯಿಂದ ಹೇಳುತ್ತೇನೆ.

ನನ್ನ ಮೊದಲ ಇಂಟರ್‌ವ್ಯೂಗೆ ನಲವತ್ತಕ್ಕೂ ಹೆಚ್ಚು ಸ್ಯಾಂಪಲ್ ಇದ್ದ ದಪ್ಪ ಫೈಲು ಹೊತ್ತುಕೊಂಡು ಹೋಗಿದ್ದೆ. ಬಣ್ಣಬಣ್ಣದ ಲಗ್ನಪತ್ರಿಕೆಗಳೆಲ್ಲ ಮುಂದೆ, ಸಾದಾ ಕೆಲಸ ಹಿಂದೆ. ಎದುರು ಕೂತವರು ಎರಡೇ ನಿಮಿಷದಲ್ಲಿ ಎಲ್ಲವನ್ನೂ ಮಗುಚಿದರು. ಕೊನೆಯಲ್ಲಿ ಒಂದು ಸಹಕಾರ ಸಂಘದ ವಾರ್ಷಿಕ ವರದಿ ಇತ್ತು. ಮಹಾಸಭೆಗೆ ಸದಸ್ಯರಿಗೆ ಹಂಚುತ್ತಾರಲ್ಲ, ಜಮಾ-ಖರ್ಚಿನ ಪಟ್ಟಿಗಳಿರುವ ಕಪ್ಪು-ಬಿಳುಪು ಪುಸ್ತಿಕೆ, ಅದು. ಅವರ ಕೈ ಅಲ್ಲಿ ನಿಂತಿತು. "ಈ ಪಟ್ಟಿ ಹೀಗ್ಯಾಕೆ ಮಾಡಿದ್ರಿ?" ಎಂದು ಕೇಳಿದರು.

ನಾನು ಹೇಳಿದೆ: ಸದಸ್ಯರಲ್ಲಿ ಬಹಳ ಮಂದಿ ವಯಸ್ಸಾದವರು, ಹಿಂದಿನ ವರ್ಷದ ವರದಿಯಲ್ಲಿ ಅಂಕಿ ಕಾಣುವುದಿಲ್ಲ ಎಂದು ಸಭೆಯಲ್ಲೇ ಗಲಾಟೆಯಾಗಿತ್ತು. ಅದಕ್ಕೆ ಅಕ್ಷರ ದೊಡ್ಡದು ಮಾಡಿದೆ. ಅಡ್ಡ-ಉದ್ದ ಗೆರೆಗಳನ್ನೆಲ್ಲ ತೆಗೆದು, ಸಾಲು ಬಿಟ್ಟು ಸಾಲಿಗೆ ತೆಳು ಬೂದು ಬಣ್ಣ ಕೊಟ್ಟೆ, ಹೆಸರಿನಿಂದ ಮೊತ್ತದವರೆಗೆ ಕಣ್ಣು ತಪ್ಪದೆ ಹೋಗಲಿ ಎಂದು. ಅಕ್ಷರ ದೊಡ್ಡದಾದರೆ ಪುಟ ಹೆಚ್ಚಬೇಕಲ್ಲವೇ? ಮಧ್ಯಕ್ಕೆ ಪಿನ್ ಹೊಡೆಯುವ ಪುಸ್ತಿಕೆಯಲ್ಲಿ ಪುಟಗಳು ನಾಲ್ಕರ ಲೆಕ್ಕದಲ್ಲೇ ಬರಬೇಕು, 28 ಮುಟ್ಟಿದರೆ ಸಂಘದವರ ಬಜೆಟ್ ಮೀರುತ್ತಿತ್ತು. ಎರಡೆರಡು ಸಲ ಬಂದಿದ್ದ ಪಟ್ಟಿಗಳನ್ನು ಕಾರ್ಯದರ್ಶಿಯ ಜೊತೆ ಕೂತು ಒಂದಾಗಿಸಿ 24ಕ್ಕೆ ನಿಲ್ಲಿಸಿದೆ. ಇಷ್ಟು ಹೇಳುವ ಹೊತ್ತಿಗೆ ಅವರು ಪೆನ್ನು ಕೆಳಗಿಟ್ಟು ಕೇಳುತ್ತಿದ್ದರು. ನನಗೆ ಕೆಲಸ ಸಿಕ್ಕಿದ್ದು ಆ ಕಪ್ಪು-ಬಿಳುಪು ಪುಸ್ತಿಕೆಯಿಂದ.

ಪೋರ್ಟ್‌ಫೋಲಿಯೋ ಎಂದರೆ ನೀವು ಮಾಡಿದ ಚಿತ್ರಗಳ ಆಲ್ಬಮ್ ಎಂದುಕೊಂಡಿದ್ದರೆ ಆ ಎಣಿಕೆ ಬಿಡಿ. ನೋಡುವವರಿಗೆ ಬೇಕಾದದ್ದು ನಿಮ್ಮ ತೀರ್ಮಾನಗಳು. ಏನು ತೊಡಕಿತ್ತು, ಏನೇನು ಮಾಡಿ ನೋಡಿದಿರಿ, ಕೊನೆಗೆ ಯಾವುದನ್ನು ಯಾಕೆ ಉಳಿಸಿಕೊಂಡಿರಿ. ಆರು ವರ್ಷ ಪ್ರೆಸ್ಸಿನಲ್ಲಿದ್ದವರು ಇಂಥ ತೀರ್ಮಾನಗಳನ್ನು ದಿನಕ್ಕೆ ಹತ್ತು ಮಾಡಿರುತ್ತಾರೆ. ಗಿರಾಕಿ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತಿರುವಾಗ ಮಾಡಿದ್ದರಿಂದ ಅವು ನಿಮಗೆ ತೀರ್ಮಾನ ಅನ್ನಿಸಿಲ್ಲ, ಅಷ್ಟೆ.

ಒಂದು ಉದಾಹರಣೆ ಕೊಡುತ್ತೇನೆ. ಸಣ್ಣ ಕನ್ನಡ ಅಕ್ಷರವನ್ನು ನಾಲ್ಕೂ ಬಣ್ಣ ಬೆರೆತ ಕಪ್ಪಿನಲ್ಲಿ ಬಿಟ್ಟರೆ, ಮಷಿನ್‌ನಲ್ಲಿ ರಿಜಿಸ್ಟ್ರೇಷನ್ (ಒಂದು ಬಣ್ಣದ ಮೇಲೆ ಇನ್ನೊಂದು ಸರಿಯಾಗಿ ಕೂರುವುದು) ಕೂದಲೆಳೆ ತಪ್ಪಿದರೂ ಒತ್ತಕ್ಷರಗಳು ಕಲಸಿಹೋಗುತ್ತವೆ. ಅದಕ್ಕೇ ಬರೀ ಕಪ್ಪು ಪ್ಲೇಟಿನಲ್ಲಿ ಇಡುತ್ತೀರಿ. ಇದು ನಿಮಗೆ ಅಭ್ಯಾಸಬಲ. ಸ್ಕ್ರೀನಿನ ಮೇಲಷ್ಟೇ ಡಿಸೈನ್ ಕಲಿತು ಬಂದ ಎಷ್ಟೋ ಜನರಿಗೆ ಇದು ಗೊತ್ತಿರುವುದಿಲ್ಲ. ಸಾಲಿನ ಅಂತರವೂ ಹಾಗೆಯೇ. ಪುಟ ಜೋಡಿಸುವ ಸಾಫ್ಟ್‌ವೇರ್ ಆದ ಇನ್‌ಡಿಸೈನ್ ತಾನಾಗಿ ಕೊಡುವ ಅಂತರ ಅಕ್ಷರದ ಗಾತ್ರದ ಶೇ. 120. ಇಂಗ್ಲಿಷಿಗೆ ಅದು ಸಾಕು. 'ರಾಷ್ಟ್ರ', 'ಲಕ್ಷ್ಮಿ' ಬರುವ ಕನ್ನಡದ ಸಾಲಿನಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಲು ಬರುತ್ತದೆ. ನೀವು ಅದನ್ನು ಹೆಚ್ಚಿಸಿರುತ್ತೀರಿ. ಮೊದಲು ಹೇಗಿತ್ತು, ಆಮೇಲೆ ಹೇಗಾಯಿತು ಎಂದು ಎರಡು ತುಣುಕು ಪಕ್ಕಪಕ್ಕ ಇಟ್ಟು ತೋರಿಸಿ.

ಆರರಿಂದ ಎಂಟು ಕೆಲಸ ಸಾಕು. ಅತ್ಯುತ್ತಮವಾದದ್ದು ಮೊದಲಿಗೆ, ಎರಡನೇ ಸ್ಥಾನದ್ದು ಕೊನೆಗೆ. ಲಗ್ನಪತ್ರಿಕೆ ಒಂದೇ ಒಂದು ಇರಲಿ. ಎಂಟು ಇಟ್ಟರೆ ಒಂದೇ ಕೆಲಸವನ್ನು ಎಂಟು ಸಲ ತೋರಿಸಿದಂತೆ. ಪ್ರತಿಯೊಂದರ ಕೆಳಗೆ ಮೂರು-ನಾಲ್ಕು ವಾಕ್ಯ ಬರೆಯಿರಿ. ಮೊದಲು ಕನ್ನಡದಲ್ಲಿ, ಪಕ್ಕದ ಮನೆಯವರಿಗೆ ಹೇಳುವ ಹಾಗೆ ಬರೆದುಕೊಳ್ಳಿ. ಇಂಗ್ಲಿಷ್ ಬೇಕಿದ್ದ ಕಡೆ ಅದನ್ನೇ ಸರಳವಾಗಿ ಇಂಗ್ಲಿಷಿಗೆ ತನ್ನಿ. ಫೋಟೋಶಾಪ್ ಶೇ. 90, ಕೋರೆಲ್ ಡ್ರಾ ಶೇ. 95 ಎಂದು ಪಟ್ಟಿ ಎಳೆದು ತೋರಿಸುವುದು ದಯವಿಟ್ಟು ಬೇಡ. ಆ ಅಂಕಿಗೆ ಯಾವ ಅರ್ಥವೂ ಇಲ್ಲ, ಕೆಲಸ ನೋಡಿದರೆ ಕೈ ಎಷ್ಟು ಪಳಗಿದೆ ಎಂದು ತಿಳಿಯುತ್ತದೆ.

ಇನ್ನು ಫೈಲಿನ ಮಾತು. ಪ್ರೆಸ್ಸಿನಲ್ಲಿ ಸಂಬಳಕ್ಕಿದ್ದಾಗ ಮಾಡಿದ ಕೆಲಸದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಲೀಕರದ್ದು. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಹೇಳುವುದು ಇದನ್ನೇ. ಆದ್ದರಿಂದ ಕದ್ದುಮುಚ್ಚಿ ಪೆನ್‌ಡ್ರೈವಿಗೆ ಹಾಕಿಕೊಂಡು ಹೋಗಬೇಡಿ, ಕೇಳಿ. ನಿಮಗೆ ಮೂಲ ಫೈಲಿನ ಅಗತ್ಯವೂ ಅಷ್ಟಾಗಿ ಇಲ್ಲ. ಅಚ್ಚಾದ ಒಂದು ಪ್ರತಿ, ಅದನ್ನು ತೋರಿಸಲು ಅನುಮತಿ, ಇವೆರಡು ಸಿಕ್ಕರೆ ಸಾಕು. ಮದುಮಕ್ಕಳ ಹೆಸರು, ಫೋನ್ ನಂಬರ್, ಮನೆ ವಿಳಾಸ, ಫ್ಲೆಕ್ಸಿನಲ್ಲಿರುವ ಜನರ ಮುಖ, ಇವನ್ನೆಲ್ಲ ಮರೆಮಾಡಿ. ಸಂಘದ ಲೆಕ್ಕದ ಅಂಕಿಗಳನ್ನು ನಾನು ಬದಲಿಸಿಯೇ ತೋರಿಸುತ್ತೇನೆ. ಚಿತ್ರ ಕ್ಲಿಪ್‌ಆರ್ಟ್ ಆಗಿದ್ದರೆ, ಫೋಟೋ ಬೇರೆಯವರು ತೆಗೆದಿದ್ದರೆ, ಅದನ್ನೂ ಬರೆಯಿರಿ. "ವಿನ್ಯಾಸ, ಅಕ್ಷರ ಜೋಡಣೆ ನನ್ನದು" ಎಂಬ ಒಂದು ಸಾಲಿನಿಂದ ನಂಬಿಕೆ ಹುಟ್ಟುತ್ತದೆ.

ಅಚ್ಚಾದ ಪ್ರತಿಯ ಫೋಟೋ ತೆಗೆಯಲು ಬೇರೆ ಕ್ಯಾಮೆರಾ ಬೇಕಿಲ್ಲ, ಮೊಬೈಲ್ ಸಾಕು. ಬೆಳಗ್ಗೆ ಕಿಟಕಿಯ ಪಕ್ಕ ಬಿಳಿ ಡ್ರಾಯಿಂಗ್ ಶೀಟ್ ಹಾಸಿ, ಕಿಟಕಿಯ ಎದುರು ಬದಿಗೆ ಇನ್ನೊಂದು ಬಿಳಿ ಶೀಟ್ ನಿಲ್ಲಿಸಿ. ಬೆಳಕು ಅದಕ್ಕೆ ತಾಗಿ ಹಿಂದಿರುಗುವುದರಿಂದ ನೆರಳು ಮೆತ್ತಗಾಗುತ್ತದೆ. ಫ್ಲ್ಯಾಶ್ ಹಾಕಬೇಡಿ, ಲ್ಯಾಮಿನೇಷನ್ ಮೇಲೆ ಬಿಳಿ ಮಚ್ಚೆ ಬೀಳುತ್ತದೆ. ಪುಸ್ತಿಕೆಯನ್ನು ಕೈಯಲ್ಲಿ ಹಿಡಿದ ಒಂದು ಫೋಟೋ ಇರಲಿ, ಗಾತ್ರ ತಿಳಿಯುತ್ತದೆ.

ಮುಖ್ಯವಾದ ಒಂದು ತಾಂತ್ರಿಕ ಎಚ್ಚರಿಕೆ. ನಿಮ್ಮ ಹಳೆಯ ಕೆಲಸ ಪೇಜ್‌ಮೇಕರ್‌ನಲ್ಲಿ, ನುಡಿ ಅಥವಾ ಶ್ರೀಲಿಪಿಯ ಹಳೆಯ ಫಾಂಟುಗಳಲ್ಲಿ ಇರಬಹುದು. ಆ ಪಠ್ಯವನ್ನು ಬೇರೆ ಕಡೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಎಲ್ಲ ಕಡೆ ಒಂದೇ ರೀತಿ ಓದಿಸುವ ಯುನಿಕೋಡಿಗೆ ಬದಲಿಸಿಕೊಳ್ಳಿ, ಬದಲಿಸಿದ ಮೇಲೆ ಅರ್ಕಾವತ್ತು, ಅಂಕಿಗಳನ್ನು ಕಣ್ಣಿಟ್ಟು ಓದಿ. ಫೋಟೋಶಾಪ್, ಇನ್‌ಡಿಸೈನ್‌ಗಳಲ್ಲಿ ಕನ್ನಡದ ಒತ್ತು ಒಡೆದರೆ ವರ್ಲ್ಡ್-ರೆಡಿ ಎಂಬ ಆಯ್ಕೆ ಹಾಕಿಕೊಳ್ಳಿ. ನೋಟೋ ಸ್ಯಾನ್ಸ್ ಕನ್ನಡ, ಬಲೂ ತಮ್ಮ ಮೊದಲಾದ ಫಾಂಟುಗಳನ್ನು ಯಾರು ಬೇಕಾದರೂ ಉಚಿತವಾಗಿ ಬಳಸಬಹುದು. ನಮಗೆ ಬರುವ ಪೋರ್ಟ್‌ಫೋಲಿಯೋಗಳಲ್ಲಿ ಒತ್ತು ಒಡೆದ ಕನ್ನಡವನ್ನು ಎಷ್ಟೋ ಸಲ ನೋಡಿದ್ದೇನೆ, ಪ್ರತಿ ಸಲವೂ ಸಂಕಟವಾಗುತ್ತದೆ. ಕನ್ನಡವನ್ನು ಸರಿಯಾಗಿ ಕೂರಿಸಬಲ್ಲವರು ಬೆಂಗಳೂರಿನ ಸ್ಟುಡಿಯೋಗಳಲ್ಲಿ ಸುಲಭಕ್ಕೆ ಸಿಗುವುದಿಲ್ಲ. ನಿಮಗೆ ಆ ಕೆಲಸ ಬರುತ್ತದೆ, ಅದನ್ನು ಮೊದಲ ಪುಟದಲ್ಲೇ ಕಾಣಿಸಿ.

ಇರುವ ಕೆಲಸ ಸಾಲದೆಂದು ಅನ್ನಿಸಿದರೆ ನೀವೇ ಒಂದನ್ನು ಹುಟ್ಟುಹಾಕಿ. ಆದರೆ ಎಲ್ಲೂ ಇಲ್ಲದ ಕಾಫಿ ಕಂಪನಿಗೆ ಲೋಗೋ ಮಾಡಬೇಡಿ, ಅಂಥವು ನಮಗೆ ರಾಶಿ ಬರುತ್ತವೆ. ನಿಮ್ಮೂರಿನಲ್ಲೇ ಮಂಡಕ್ಕಿ ಇದೆ. ಮನೆಯಲ್ಲಿ ಖಾರ ಮಂಡಕ್ಕಿ ಮಾಡಿ ಮಾರುವ ಯಾರನ್ನಾದರೂ ಹುಡುಕಿ, ಅವರ ಪೊಟ್ಟಣಕ್ಕೆ ಲೇಬಲ್ ಮಾಡಿಕೊಡಿ. ಎಂಆರ್‌ಪಿ, ನಿವ್ವಳ ತೂಕ, ಹಸಿರು ಚೌಕದೊಳಗೆ ಹಸಿರು ಚುಕ್ಕೆ, ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರು, ಇಷ್ಟನ್ನೂ ಅಂಗೈಯಗಲದ ಜಾಗದಲ್ಲಿ ಹಿಡಿಸಿ, ಕನ್ನಡದ ಹೆಸರು ಅಂಗಡಿಯ ಹಗ್ಗಕ್ಕೆ ನೇತಾಡುವಾಗಲೂ ಓದಲು ಬರುವಂತೆ ಮಾಡುವುದು ಸಣ್ಣ ಕೆಲಸವಲ್ಲ. ಅಂಗಡಿಯಲ್ಲಿ ನೇತುಹಾಕಿ ಫೋಟೋ ತೆಗೆಯಿರಿ. ಮಾರುವವರು ಏನೆಂದರು ಎಂದು ಬರೆಯಿರಿ, ಬೈದಿದ್ದರೆ ಅದನ್ನೂ.

ಕಳಿಸುವುದಕ್ಕೆ ಒಂದು ಪಿಡಿಎಫ್ ಇರಲಿ, 10 ಎಂಬಿ ಒಳಗೆ. ಡಿಸೈನರುಗಳು ತಮ್ಮ ಕೆಲಸ ತೋರಿಸುವ ಜಾಲತಾಣವಾದ ಬೆಹಾನ್ಸ್‌ನಲ್ಲಿ ಪುಟ ತೆರೆಯಲು ಹಣ ಬೇಕಿಲ್ಲ, ಅದನ್ನೂ ಮಾಡಿ. ಡ್ರೈವ್ ಲಿಂಕ್ ಕಳಿಸುವುದಾದರೆ ಲಿಂಕ್ ಇದ್ದವರೆಲ್ಲ ನೋಡಬಹುದು ಎಂಬ ಅನುಮತಿ ಕೊಟ್ಟಿದ್ದೀರಾ ಎಂದು ಬೇರೆಯವರ ಮೊಬೈಲಿನಲ್ಲಿ ತೆರೆದು ನೋಡಿ. ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿದರೆ ಅಕ್ಷರ ಮಸುಕಾಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ. ಇಂಟರ್‌ವ್ಯೂಗೆ ಹೋಗುವಾಗ ಮಾತ್ರ ಅಚ್ಚಾದ ಮೂರು-ನಾಲ್ಕು ವಸ್ತುಗಳನ್ನು ಕೈಯಲ್ಲಿ ಒಯ್ಯಿರಿ. 300 ಜಿಎಸ್‌ಎಂ ತೂಕದ ದಪ್ಪ ಕಾರ್ಡಿನ ಮೇಲಿನ ಮ್ಯಾಟ್ ಲ್ಯಾಮಿನೇಷನ್ ಬೆರಳಿಗೆ ಹೇಗೆ ತಾಗುತ್ತದೆ ಎಂಬುದು ಯಾವ ಪಿಡಿಎಫ್‌ನಲ್ಲೂ ಬರುವುದಿಲ್ಲ.

ಮಾಲೀಕರನ್ನು ಕೇಳಲು ಹಿಂಜರಿಕೆ ಎಂದೂ ಬರೆದಿದ್ದೀರಿ. ನನಗೂ ಇತ್ತು. ಕೆಲಸ ಬಿಡುವ ಮಾತು ತೆಗೆದಾಗ ನಮ್ಮ ಮಾಲೀಕರು ಒಂದು ಗಳಿಗೆ ಮಾತಾಡಲಿಲ್ಲ. ಸ್ಯಾಂಪಲ್ ಬೇಕಿತ್ತು ಸರ್, ಎಂದೆ. ಬೈಂಡಿಂಗ್ ಮಾಡುವ ಅಣ್ಣನನ್ನು ಕರೆದು ಅಟ್ಟದ ಮೇಲಿಂದ ಎರಡು ಕಟ್ಟು ಇಳಿಸಿಸಿದರು. ನಾನು ಲಗ್ನಪತ್ರಿಕೆಗಳನ್ನು ಆರಿಸುತ್ತ ಕೂತಿದ್ದೆ. ಅವರು ಕಟ್ಟಿನ ತಳದಿಂದ ಧೂಳು ಹಿಡಿದ ಪುಸ್ತಿಕೆಯೊಂದನ್ನು ಎಳೆದು ನನ್ನ ಮುಂದಿಟ್ಟು, "ಇದನ್ನ ಬಿಟ್ಟು ಹೋಗ್ತೀಯೇನೋ, ಇದಕ್ಕೆ ಎರಡು ರಾತ್ರಿ ಕೂತಿದ್ದೆ ನೀನು" ಎಂದರು. ಆ ಸಹಕಾರ ಸಂಘದ ವರದಿ ಅದೇ.